ಮಹಾಧಮನಿಯ ಕುಲಜರೋಗವೂ ಬಂಧುಪರೀಕ್ಷೆಯೂ

ತಂದೆತಾಯಿಗಳಿಂದ ಮಕ್ಕಳಿಗೆ ಹೊಲಮನೆಗಳೂ ರೂಪವೂ ಸ್ವಭಾವವೂ ಇಳಿದುಬರುವಂತೆಯೇ ರೋಗವೂ ಇಳಿದುಬರುವುದುಂಟೆಂಬುದನ್ನು ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಶುಕ್ರಶೋಣಿತಗಳ ದೋಷದಿಂದ ಹುಟ್ಟುವವುಗಳನ್ನು ಆದಿಬಲಪ್ರವೃತ್ತಗಳೆಂದು ಕರೆದು, ಅವುಗಳಲ್ಲಿ ಮಾತೃಜ, ಪಿತೃಜ ಎಂಬ ಎರಡು ಭೇದಗಳನ್ನು ಹೇಳಿದೆ. ಬೀಜದ ಯಾವ ಭಾಗವು ಕೆಟ್ಟಿರುವುದೋ ಅದರಿಂದ ಹುಟ್ಟತಕ್ಕ ಅವಯವವೇ ವಿಕಾರ ಹೊಂದುವುದೆಂಬ ಸೂಕ್ಷ್ಮವಾದ ವಿಚಾರವು ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಬಂದಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ, ಪ್ರಮೇಹವನ್ನು ಕುರಿತು ಹೇಳುವಾಗ, ಕುಲಜವಾದ ವಿಕಾರಗಳು ಅಸಾಧ್ಯವೆಂಬ ನಿರ್ಣಯವೂ ಉಂಟು.

ಧರ್ಮಶಾಸ್ತ್ರಕಾರರು ಇದೇ ಅರಿವನ್ನು ಬೇರೊಂದು ಕಡೆಗೆ ತಿರುಗಿಸಿದರು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವಿವಾಹಕ್ಕೆ ವರ್ಜ್ಯವಾದ ಹತ್ತು ಕುಲಗಳನ್ನು ಎಣಿಸುವಾಗ ಕ್ಷಯ, ಅಪಸ್ಮಾರ, ಶ್ವಿತ್ರ, ಕುಷ್ಠ ಮೊದಲಾದ ರೋಗಗಳುಳ್ಳ ಮನೆತನಗಳೂ ಸೇರಿವೆ. ಹೀಗೆ ಕುಲರೋಗದ ಜ್ಞಾನಕ್ಕೆ ಎರಡು ಫಲಗಳು ಕಂಡುಬರುತ್ತವೆ. ವೈದ್ಯನು ಅಸಾಧ್ಯವೆಂದು ಕೈಬಿಡುವುದು ಒಂದು. ಸಂಬಂಧ ಬೆಳೆಸಬಂದವನು ದೂರ ಸರಿಯುವುದು ಇನ್ನೊಂದು. ಆದುದರಿಂದಲೇ ಮನೆತನದಲ್ಲಿ ಇಂತಹ ರೋಗವಿದ್ದರೆ ಅದನ್ನು ಮುಚ್ಚಿಡುವುದು ಲೋಕದಲ್ಲಿ ಬಹುಮಟ್ಟಿಗೆ ರೂಢಿಯಾಯಿತು. ರೋಗಿಯ ಕುಲವನ್ನು ವಿಚಾರಿಸುವುದರಿಂದ ಆ ಕುಲದವರನ್ನೇ ಉಳಿಸಬಹುದೆಂಬ ಮೂರನೆಯ ಫಲವೊಂದಿದೆ. ಅದು ಸಿದ್ಧಿಸಿದ್ದು ತೀರ ಈಚೆಗೆ. ಅದು ಸಿದ್ಧಿಸಿದ ಬಗೆಯನ್ನು ತಿಳಿಯುವುದಕ್ಕೆ ಮಹಾಧಮನಿಯ ಕುಲಜರೋಗದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ.

೧

ಹೃದಯದ ಎಡಭಾಗದಿಂದ ಹೊರಟು, ಮೇಲಕ್ಕೇರಿ ಕಮಾನಿನಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿದು, ಶುದ್ಧರಕ್ತವನ್ನು ದೇಹಕ್ಕೆಲ್ಲಾ ಹಂಚುವ ಹಿರಿಯ ನಾಳಕ್ಕೆ ಮಹಾಧಮನಿಯೆಂದು ಹೆಸರು. ಇದರ ಗೋಡೆಯು ಮೂರು ಪದರಗಳಿಂದಾದುದು. ಹೃದಯವು ಬಡಿದಾಗಲೆಲ್ಲಾ ರಕ್ತದ ನೂಕನ್ನು ತಾಳಿ, ಹಿಗ್ಗಿ, ಮತ್ತೆ ಮೊದಲಿನಂತಾಗುವ ಶಕ್ತಿಯು ನಡುಪದರದ ಎಳೆಗಳಲ್ಲಿದೆ. ಆ ಎಳೆಗಳು ದುರ್ಬಲವಾದರೆ ನಾಳವು ವರ್ಷವರ್ಷಕ್ಕೂ ಸ್ವಲ್ಪಸ್ವಲ್ಪವಾಗಿ ಉಬ್ಬುತ್ತ ಹೋಗುವುದು. ಈ ಉಬ್ಬಿನಿಂದ ನೋವಾಗಲಿ ಆಯಾಸವಾಗಲಿ ಸಾಮಾನ್ಯವಾಗಿ ತೋರದು. ಕೊನೆಗೊಂದು ದಿನ ಒಳಪದರವು ಹರಿದು, ರಕ್ತವು ಪದರಗಳ ನಡುವೆ ನುಗ್ಗಿ ಗೋಡೆಯನ್ನು ಉದ್ದಕ್ಕೂ ಸೀಳುವುದು. ಹೊರಪದರವೂ ಒಡೆದರೆ ಮರಣವು ಕ್ಷಣಗಳಲ್ಲಿ ಸಂಭವಿಸುವುದು. ಆರೋಗ್ಯವಂತನೆಂದು ಎಲ್ಲರೂ ತಿಳಿದವನು ಆಡುತ್ತಾಡುತ್ತ ಬಿದ್ದು ಸಾಯುವುದರಿಂದ ಈ ರೋಗವು ಬಹುಕಾಲ ದೈವದ ಹೊಡೆತವಾಗಿ ಕಂಡಿತೇ ಹೊರತು ರೋಗವಾಗಿ ಕಾಣಲಿಲ್ಲ.

ಈ ಸೀಳನ್ನು ಕಣ್ಣಾರೆ ಕಂಡು ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಒಂದು ಅರಮನೆಗೆ ಸಂಬಂಧಪಟ್ಟುದು. ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜನು ೧೭೬೦ನೆಯ ಅಕ್ಟೋಬರ್ ೨೫ರ ಬೆಳಗ್ಗೆ ಕೆನ್ಸಿಂಗ್‌ಟನ್ ಅರಮನೆಯಲ್ಲಿ ಹಠಾತ್ತಾಗಿ ತೀರಿಕೊಂಡನು. ವೈದ್ಯನಾದ ಫ್ರಾಂಕ್ ನಿಕಲ್ಸನು ಶವವನ್ನು ಪರೀಕ್ಷಿಸಿದಾಗ, ಹೃದಯವನ್ನು ಸುತ್ತಿರುವ ಚೀಲದ ತುಂಬ ಹೆಪ್ಪುಗಟ್ಟಿದ ರಕ್ತವಿದ್ದಿತು. ಮಹಾಧಮನಿಯ ಒಳಮೈಯಲ್ಲಿ ಸುಮಾರು ಒಂದೂವರೆ ಅಂಗುಲದ ಅಡ್ಡ ಸೀಳು ಕಂಡುಬಂದಿತು. ಅನಂತರ ೧೮೦೨ರಲ್ಲಿ ಜಿನೀವಾದ ಮೋನ್ವಾರ್ ಎಂಬ ಶಸ್ತ್ರವೈದ್ಯನು ಇಂತಹ ವಿಕಾರಕ್ಕೆ ಪದರಸೀಳೆಂಬ ಅರ್ಥದ ಹೆಸರನ್ನು ಬಳಸಿದನು. ಎದೆಯ ಸದ್ದನ್ನು ಕೇಳುವ ನಳಿಗೆಯನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ಕನು ೧೮೧೯ರಲ್ಲಿ ಆ ಹೆಸರನ್ನು ರೂಢಿಗೆ ತಂದನು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ದೊರೆಯು ಎಪ್ಪತ್ತಾರು ವರ್ಷದ ವೃದ್ಧ. ಅವನ ರೋಗವು ಕುಲಜವಾಗಿದ್ದಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಆದರೆ ನಿಕಲ್ಸನಿಂದ ಮುಂದೆ ನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲ ಈ ರೋಗದ ವಿಚಾರವು ಶವಪರೀಕ್ಷೆಯ ಮೇಜಿನ ಮೇಲೆಯೇ ನಡೆಯಿತು. ಸತ್ತವನ ನಾಳವನ್ನು ವೈದ್ಯನು ಕಂಡನು. ಸತ್ತವನ ಮನೆಯವರ ಕಡೆಗೆ ಅವನ ದೃಷ್ಟಿ ಹೊರಳಲಿಲ್ಲ.

೨

ಕುಲದ ಕಡೆಗೆ ದೃಷ್ಟಿಯನ್ನು ತಿರುಗಿಸಿದ ಮಾರ್ಗವು ಧಮನಿಯಿಂದ ಹೊರಟುದಲ್ಲ, ಬೆರಳುಗಳಿಂದ ಹೊರಟುದು. ೧೮೯೬ನೆಯ ಫೆಬ್ರವರಿ ತಿಂಗಳಲ್ಲಿ ಪ್ಯಾರಿಸಿನ ಮಕ್ಕಳ ವೈದ್ಯನಾದ ಆಂಟ್ವಾನ್ ಮಾರ್ಫಾನನು ಅಲ್ಲಿಯ ವೈದ್ಯಸಭೆಯೊಂದರಲ್ಲಿ ಐದೂವರೆ ವರ್ಷದ ಗಾಬ್ರಿಯೆಲ್ ಎಂಬ ಬಾಲಿಕೆಯನ್ನು ತೋರಿಸಿದನು. ಅವಳ ಕೈಕಾಲುಗಳು ಅತಿಶಯವಾಗಿ ನೀಳ ಮತ್ತು ತೆಳ್ಳಗೆ. ಬೆರಳುಗಳು ಜೇಡನ ಕಾಲುಗಳಂತೆ ಇದ್ದುವು. ಮಾರ್ಫಾನನು ವರ್ಣಿಸಿದುದು ಎಲುಬುಗಳ ವಿಕಾರವನ್ನು ಮಾತ್ರ. ಹೃದಯ, ಕಣ್ಣು, ಮನೆತನ, ಈ ಮೂರರ ಮಾತೂ ಅವನ ವರ್ಣನೆಯಲ್ಲಿ ಇಲ್ಲ. ೧೯೦೨ರಲ್ಲಿ ಅಶಾರ್ ಎಂಬ ಫ್ರೆಂಚ್ ವೈದ್ಯನು ಇಂತಹ ಬೆರಳುಗಳಿಗೆ ಊರ್ಣನಾಭಾಂಗುಲಿತ್ವವೆಂದು ಹೇಳಬಹುದಾದ ಗ್ರೀಕ್ ಹೆಸರನ್ನಿತ್ತನು. ಗಾಬ್ರಿಯೆಲ್ಲಳಿಗೆ ಇದ್ದುದು ಇಂದು ಮಾರ್ಫಾನನ ಹೆಸರಿನಿಂದ ಕರೆಯುವ ರೋಗವಾಗಿರದೆ, ೧೯೭೧ರಲ್ಲಿ ಬೇರೆಯಾಗಿ ಗುರುತಿಸಲ್ಪಟ್ಟ ಅದರ ಜ್ಞಾತಿರೋಗವಾಗಿದ್ದಿರಬಹುದೆಂದು ಈಚಿನ ವಿದ್ವಾಂಸರು ಊಹಿಸಿದ್ದಾರೆ. ಆದರೂ ರೂಢಿಯು ಬಲವತ್ತರವಾದುದರಿಂದ ಹೆಸರು ನಿಂತಿತು.

ಮುಂದೆ ಒಂದೊಂದು ಲಕ್ಷಣವೂ ಒಂದೊಂದು ಕಡೆಯಿಂದ ಬಂದು ಸೇರಿತು. ಇಂತಹ ರೋಗಿಗಳ ಕಣ್ಣಿನ ಮಸೂರವು ತನ್ನ ಸ್ಥಾನದಿಂದ ಜಾರಿರುವುದನ್ನು ೧೯೧೪ರಲ್ಲಿ ಬರೆದರು. ೧೯೩೧ರಲ್ಲಿ ಹಾಲೆಂಡಿನ ಯೂಟ್ರೆಕ್ಟ್ ನಗರದ ನೇತ್ರವೈದ್ಯನಾದ ವೇವೆಯು, ಎಲುಬು, ಕಣ್ಣುಗಳ ವಿಕಾರಕ್ಕೆ ಮೂಲವೊಂದೇ ಎಂದೂ, ಅದು ತಂದೆಯಿಂದಾಗಲಿ ತಾಯಿಯಿಂದಾಗಲಿ ಮಕ್ಕಳಿಗೆ ನೇರವಾಗಿ ಇಳಿಯುವುದೆಂದೂ ತೋರಿಸಿ, ರೋಗಕ್ಕೆ ಮಾರ್ಫಾನನ ಹೆಸರನ್ನು ಸೇರಿಸಿದನು. ಮಹಾಧಮನಿಯ ಮಾತು ಸ್ಪಷ್ಟವಾಗಿ ಬಂದುದು ೧೯೪೩ರಲ್ಲಿ. ಆ ಒಂದೇ ವರ್ಷದಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಹೆಲೆನ್ ಟಾಸಿಗ್ ಮತ್ತು ಅವರ ಸಂಗಡಿಗರು ಧಮನಿಯ ಉಬ್ಬನ್ನೂ, ಎಟರ್ ಮತ್ತು ಗ್ಲೋವರ್ ಎಂಬಿಬ್ಬರು ಪದರಸೀಳಿನಿಂದಾದ ಮರಣವನ್ನೂ ನೀಳಬೆರಳಿನ ರೋಗಿಗಳಲ್ಲಿ ಕಂಡು ಪ್ರಕಟಿಸಿದರು. ಎಲುಬಿನ ವೈದ್ಯನ ರೋಗವೂ ಕಣ್ಣಿನ ವೈದ್ಯನ ರೋಗವೂ ಶವಪರೀಕ್ಷಕನ ರೋಗವೂ ಒಂದೇ ಎಂಬುದು ಹೀಗೆ ಸುಮಾರು ಅರ್ಧ ಶತಮಾನದಲ್ಲಿ ತಿಳಿಯಿತು.

೩

ಇವೆಲ್ಲವನ್ನೂ ಒಂದು ಶಾಸ್ತ್ರವಾಗಿ ಹೆಣೆದವನು ಜಾನ್ಸ್ ಹಾಪ್‌ಕಿನ್ಸಿನ ವಿಕ್ಟರ್ ಮೆಕ್ಯೂಸಿಕ್. ಅವನು ಹೃದಯವೈದ್ಯನಾಗಿ ಆರಂಭಿಸಿದವನು. ೧೯೫೫ರಲ್ಲಿ ಈ ರೋಗದ ಹೃದಯಧಮನೀವಿಕಾರಗಳನ್ನು ಕುರಿತು ವಿಸ್ತಾರವಾದ ಲೇಖನವನ್ನೂ, ೧೯೫೬ರಲ್ಲಿ ಸಂಯೋಜಕ ಅಂಗಾಂಶದ ಆನುವಂಶಿಕ ರೋಗಗಳನ್ನು ಕುರಿತು ಪ್ರಸಿದ್ಧವಾದ ಗ್ರಂಥವನ್ನೂ ಪ್ರಕಟಿಸಿದನು. ದೇಹದ ಅವಯವಗಳನ್ನು ಹಿಡಿದಿಡುವ ಒಂದೇ ಧಾತುವು ಕೆಟ್ಟುದರಿಂದ ಎಲುಬು, ಕಣ್ಣು, ಧಮನಿಗಳು ಮೂರೂ ಕೆಡುತ್ತವೆಂಬುದು ಅವನ ಸಿದ್ಧಾಂತ. ಅದನ್ನು ಸಾಧಿಸುವುದಕ್ಕೆ ಅವನು ರೋಗಿಯನ್ನು ನೋಡಿ ಸುಮ್ಮನಾಗದೆ, ರೋಗಿಯ ತಂದೆತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇವರನ್ನು ಪರೀಕ್ಷಿಸಿ ವಂಶವೃಕ್ಷಗಳನ್ನು ಬರೆದನು. ಒಬ್ಬನಲ್ಲಿ ಜಾರಿದ ಮಸೂರ ಮಾತ್ರ, ಇನ್ನೊಬ್ಬನಲ್ಲಿ ನೀಳವಾದ ಮೈಕಟ್ಟು ಮಾತ್ರ, ಮತ್ತೊಬ್ಬನಲ್ಲಿ ಉಬ್ಬಿದ ಧಮನಿ: ಹೀಗೆ ಬಿಡಿಬಿಡಿಯಾಗಿ ಅರ್ಥವಾಗದ ಲಕ್ಷಣಗಳು ವಂಶವೃಕ್ಷದಲ್ಲಿ ಇಟ್ಟು ನೋಡಿದಾಗ ಒಂದೇ ರೋಗವಾಗಿ ಕಂಡುವು.

ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಈ ಕ್ರಮವು ಅಪರಿಚಿತವಲ್ಲ. ಒಂದೇ ಓಲೆಯ ಪ್ರತಿಯನ್ನು ಇಟ್ಟುಕೊಂಡು ಓದುವವನಿಗೆ ಅಲ್ಲಿಯ ಅಪಪಾಠವು ಲಿಪಿಕಾರನ ಕೈತಪ್ಪಾಗಿ ತೋರುವುದು. ಹಲವು ಪ್ರತಿಗಳನ್ನು ತಂದು ಹೋಲಿಸಿದಾಗ, ಅದೇ ತಪ್ಪು ಅವುಗಳಲ್ಲಿ ಕೆಲವಕ್ಕೆ ಸಮಾನವಾಗಿದ್ದರೆ, ಅದು ಮಾತೃಕೆಯಿಂದ ಇಳಿದುಬಂದುದೆಂಬುದು ನಿಶ್ಚಯವಾಗುವುದು. ಅಷ್ಟೇ ಅಲ್ಲ, ಒಂದು ಪ್ರತಿಯಲ್ಲಿ ತಪ್ಪು ಕಂಡ ಕೂಡಲೆ ಅದರ ಸೋದರಪ್ರತಿಗಳನ್ನು ತೆಗೆದು ನೋಡುವುದು ಪರಿಶೋಧಕನ ಧರ್ಮ. ವೈದ್ಯನು ಕಲಿತ ಪಾಠವೂ ಇದೇ.

ಈ ಹೋಲಿಕೆಯು ಕೇವಲ ಆಲಂಕಾರಿಕವಲ್ಲವೆಂಬುದು ಮುಂದಿನ ಸಂಶೋಧನೆಯಿಂದ ತಿಳಿದುಬಂದಿತು. ೧೯೮೬ರಲ್ಲಿ ಲಿನ್ ಸಕಾಯ್ ಮತ್ತು ಅವರ ಸಹೋದ್ಯೋಗಿಗಳು ಧಮನಿಯ ಗೋಡೆ, ಮಸೂರವನ್ನು ಕಟ್ಟಿಹಾಕಿರುವ ತಂತುಗಳು ಮೊದಲಾದೆಡೆ ಇರುವ ಫೈಬ್ರಿಲಿನ್ ಎಂಬ ಸಸಾರಜನಕವನ್ನು ಕಂಡುಹಿಡಿದರು. ಅದನ್ನು ಕಟ್ಟುವ ವಿಧಿಯು ಬರೆದಿರುವುದು ಹದಿನೈದನೆಯ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯಲ್ಲಿ. ಮಾರ್ಫಾನ್ ರೋಗಿಗಳಲ್ಲಿ ಈ ವಂಶವಾಹಿಯ ಬರೆಹದಲ್ಲಿಯೇ ತಪ್ಪಿರುವುದನ್ನು ೧೯೯೧ರಲ್ಲಿ ಹ್ಯಾರಿ ಡೀಟ್ಸ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಎಷ್ಟೋ ವೇಳೆ ಆ ತಪ್ಪು ಒಂದೇ ಒಂದು ಅಕ್ಷರದ್ದು. ಪ್ರತಿಯೊಬ್ಬನಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳು, ತಂದೆಯದೊಂದು ತಾಯಿಯದೊಂದು, ಇರುವುದರಿಂದಲೂ, ಮಗುವಿಗೆ ಅವುಗಳಲ್ಲಿ ಒಂದೇ ಸಲ್ಲುವುದರಿಂದಲೂ, ರೋಗಿಯ ಪ್ರತಿಯೊಂದು ಮಗುವಿಗೂ ತಪ್ಪಾದ ಪ್ರತಿಯು ಬರುವ ಸಂಭವವು ಎರಡರಲ್ಲೊಂದು. ಗಂಡು ಹೆಣ್ಣೆಂಬ ಭೇದ ಇದಕ್ಕಿಲ್ಲ. ಸುಮಾರು ಐದು ಸಾವಿರ ಜನರಲ್ಲಿ ಒಬ್ಬರಿಗೆ ಈ ರೋಗವಿರುವುದೆಂದು ಗಣನೆ. ರೋಗಿಗಳಲ್ಲಿ ಸುಮಾರು ಕಾಲುಭಾಗದವರಿಗೆ ತಂದೆತಾಯಿಗಳಲ್ಲಿ ಇಲ್ಲದ ಹೊಸ ತಪ್ಪು ಮೊದಲಬಾರಿಗೆ ಹುಟ್ಟಿರುವುದರಿಂದ, ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲವೆಂಬ ಮಾತಿನಿಂದ ರೋಗವಿಲ್ಲವೆಂದು ಸಾಧಿಸಲಾಗದು.

೪

ರೋಗವನ್ನು ತಿಳಿದ ಮಾತ್ರಕ್ಕೆ ರೋಗಿಯು ಉಳಿಯನು. ೧೯೭೨ರಲ್ಲಿ ಮೆಕ್ಯೂಸಿಕ್ ಮತ್ತು ಅವನ ಸಹೋದ್ಯೋಗಿಗಳು ೨೫೭ ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಅವರಲ್ಲಿ ೭೨ ಮಂದಿ ತೀರಿಹೋಗಿದ್ದರು. ಸತ್ತವರ ಸರಾಸರಿ ವಯಸ್ಸು ೩೨. ಮರಣದ ಕಾರಣ ತಿಳಿದಿದ್ದ ೫೬ ಮಂದಿಯಲ್ಲಿ ೫೨ ಮಂದಿಗೆ ಹೃದಯ ಮತ್ತು ಧಮನಿಗಳ ವಿಕಾರವೇ ಕಾರಣವಾಗಿದ್ದಿತು.

ಈ ಸ್ಥಿತಿಯನ್ನು ಬದಲಿಸಿದುವು ಮೂರು ಸಾಧನಗಳು. ಮೊದಲನೆಯದು ಶಸ್ತ್ರಚಿಕಿತ್ಸೆ. ೧೯೬೮ರಲ್ಲಿ ಲಂಡನ್ನಿನ ಬೆಂಟಾಲ್ ಮತ್ತು ಡಿ ಬೋನೋ ಎಂಬವರು ಧಮನಿಯ ಉಬ್ಬಿದ ಬುಡವನ್ನೂ ಅಲ್ಲಿಯ ಕವಾಟವನ್ನೂ ತೆಗೆದು, ಕವಾಟ ಸಹಿತವಾದ ಕೃತಕನಾಳವನ್ನು ಹೊಲಿದು ಜೋಡಿಸುವ ವಿಧಾನವನ್ನು ಪ್ರಕಟಿಸಿದರು; ೧೯೭೬ರಿಂದ ಜಾನ್ಸ್ ಹಾಪ್‌ಕಿನ್ಸಿನಲ್ಲಿ ವಿನ್ಸೆಂಟ್ ಗಾಟ್ ಅದನ್ನು ಮಾರ್ಫಾನ್ ರೋಗಿಗಳಿಗೆ ಮಾಡತೊಡಗಿದನು. ಎರಡನೆಯದು ಔಷಧ. ರಕ್ತದ ನೂಕನ್ನು ಮೆತ್ತಗಾಗಿಸುವ ಪ್ರೊಪ್ರನಲಾಲ್ ಎಂಬ ಔಷಧವು ಧಮನಿಯ ಉಬ್ಬುವಿಕೆಯನ್ನು ನಿಧಾನಗೊಳಿಸುವುದೆಂದು ೧೯೯೪ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಮೂರನೆಯದು, ಬಂಧುಪರೀಕ್ಷೆಗೆ ಆಧಾರವಾದುದು, ಧ್ವನಿಚಿತ್ರ. ಸ್ವೀಡನ್ನಿನ ಲುಂಡ್ ನಗರದಲ್ಲಿ ೧೯೫೩ರಲ್ಲಿ ಎಡ್ಲರ್ ಎಂಬ ವೈದ್ಯನೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಕಿವಿಗೆ ಕೇಳದ ಧ್ವನಿತರಂಗಗಳ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ಗುರುತಿಸಿದರು. ಇದೇ ಈಗ ಎಕೋ ಎಂದು ಎಲ್ಲರೂ ಬಲ್ಲ ಪರೀಕ್ಷೆ. ಗಾಯವಿಲ್ಲದೆ, ನೋವಿಲ್ಲದೆ, ಬದುಕಿರುವವನ ಧಮನಿಯ ಬುಡದ ಅಳತೆಯನ್ನು ಇದರಿಂದ ತೆಗೆಯಬಹುದು. ಮಾರ್ಫಾನ್ ರೋಗದ ವಯಸ್ಕರಲ್ಲಿ ಆ ಅಳತೆಯು ೫೦ ಮಿಲಿಮೀಟರನ್ನು ಮುಟ್ಟಿದಾಗ, ಕೆಲವರಲ್ಲಿ ಅದಕ್ಕೂ ಮೊದಲೇ, ಶಸ್ತ್ರಚಿಕಿತ್ಸೆಯನ್ನು ವಿಧಿಸುತ್ತಾರೆ.

ಕಾಲವರಿತು ಮಾಡುವುದಕ್ಕೂ ಕಾಲಮೀರಿ ಮಾಡುವುದಕ್ಕೂ ಇರುವ ಅಂತರವನ್ನು ಗಾಟ್ ಮತ್ತು ಸಂಗಡಿಗರು ೧೯೯೯ರಲ್ಲಿ ಹತ್ತು ಆಸ್ಪತ್ರೆಗಳ ೬೭೫ ರೋಗಿಗಳ ಲೆಕ್ಕದಿಂದ ತೋರಿಸಿದರು. ಮೊದಲೇ ನಿಶ್ಚಯಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ನೂರಕ್ಕೆ ೧.೫, ಪ್ರಾಣಾಪಾಯ ಬಂದೊದಗಿದ ಮೇಲೆ ಅವಸರದಲ್ಲಿ ಮಾಡಿಸಿಕೊಂಡವರಲ್ಲಿ ನೂರಕ್ಕೆ ೧೧.೭. ಶಸ್ತ್ರವೈದ್ಯನ ಕೈ ಎರಡು ಕಡೆಯೂ ಒಂದೇ. ವ್ಯತ್ಯಾಸವೆಲ್ಲಾ ಮೊದಲೇ ತಿಳಿದಿದ್ದುದರಲ್ಲಿ ಮತ್ತು ತಿಳಿಯದಿದ್ದುದರಲ್ಲಿ. ಲಕ್ಷಣವನ್ನೇ ತೋರದ ರೋಗವನ್ನು ಮೊದಲೇ ತಿಳಿಯುವ ಬಗೆ ಯಾವುದು? ಬಂಧುವೊಬ್ಬನಿಗೆ ಆ ರೋಗವಿದೆಯೆಂಬ ಅರಿವೇ ಅನೇಕರಿಗೆ ಇರುವ ಏಕೈಕ ಮುನ್ಸೂಚನೆ.

೫

ಈ ತತ್ತ್ವವನ್ನು ಲೋಕಕ್ಕೆ ತಿಳಿಸಿದ ಎರಡು ಮರಣಗಳನ್ನು ಇಲ್ಲಿ ಸ್ಮರಿಸುವುದು ಯುಕ್ತವಾಗಿದೆ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಆರಡಿ ಐದಂಗುಲ ಎತ್ತರದವರು. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನು ಗೆದ್ದ ತಂಡದವರು. ೧೯೮೬ನೆಯ ಜನವರಿ ೨೪ರಂದು ಜಪಾನಿನ ಮಾತ್ಸುಎ ನಗರದಲ್ಲಿ ಆಟದ ನಡುವೆ ವಿಶ್ರಾಂತಿಗಾಗಿ ಬಂದು ಕುಳಿತವರು ಕುಸಿದು ತೀರಿಕೊಂಡರು. ಆಗ ಅವರ ವಯಸ್ಸು ೩೧. ಮೊದಲು ಹೃದಯಾಘಾತವೆಂದೇ ತಿಳಿದಿದ್ದರು. ಶವಪರೀಕ್ಷೆಯಾದ ಮೇಲೆ ಮಹಾಧಮನಿಯು ಹರಿದುದೂ, ಅದಕ್ಕೆ ಮಾರ್ಫಾನ್ ರೋಗವು ಕಾರಣವೆಂಬುದೂ ತಿಳಿಯಿತು. ಅದನ್ನು ಕೇಳಿ ಅವರ ಸೋದರನನ್ನು ಪರೀಕ್ಷಿಸಲಾಗಿ, ಅವನಿಗೂ ರೋಗವಿರುವುದು ಕಂಡುಬಂದು, ಶಸ್ತ್ರಚಿಕಿತ್ಸೆಯು ನಡೆಯಿತು. ಎರಡನೆಯ ಜಾರ್ಜನ ಶವಪರೀಕ್ಷೆಯು ಒಂದು ಮರಣದ ಕಾರಣವನ್ನು ತಿಳಿಸಿ ಮುಗಿಯಿತು. ಹೈಮನ್ನರದು ಇನ್ನೊಂದು ಜೀವದ ರಕ್ಷಣೆಗೆ ಮೊದಲಾಯಿತು. ಇನ್ನೂರ ಇಪ್ಪತ್ತಾರು ವರ್ಷಗಳ ವೈದ್ಯಶಾಸ್ತ್ರದ ಬೆಳವಣಿಗೆಯೆಲ್ಲವೂ ಈ ಎರಡು ಪರೀಕ್ಷೆಗಳ ನಡುವೆ ಇದೆ.

ಹೈಮನ್ನರಲ್ಲಿ ಎತ್ತರವಾದರೂ ಕಣ್ಣಿಗೆ ಕಾಣುತ್ತಿದ್ದಿತು. ಹೊರಗೆ ಯಾವ ಕುರುಹನ್ನೂ ತೋರದೆ ಧಮನಿಯೊಂದನ್ನೇ ಹಿಡಿಯುವ ಕುಲಜರೋಗಗಳೂ ಉಂಟು. ಎದೆಯ ಭಾಗದ ಮಹಾಧಮನಿಯು ಉಬ್ಬಿದವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಬಂಧುವರ್ಗದಲ್ಲಿ ಅದೇ ರೋಗವಿರುವುದು ಕಂಡುಬಂದಿದೆ. ಹೂಸ್ಟನ್ನಿನ ಡಯಾನಾ ಮಿಲೆವಿಚ್ ಮೊದಲಾದವರ ಪರಿಶ್ರಮದಿಂದ ಇಂತಹ ಮನೆತನಗಳಲ್ಲಿಯ ಹಲವು ವಂಶವಾಹಿಗಳು ಈ ಶತಮಾನದಲ್ಲಿ ಗೊತ್ತಾಗಿವೆ. ಅಮೆರಿಕದ ಪ್ರಸಿದ್ಧ ನಟ ಜಾನ್ ರಿಟರ್ ೨೦೦೩ನೆಯ ಸೆಪ್ಟೆಂಬರ್ ೧೧ರಂದು ಪದರಸೀಳಿನಿಂದ ತೀರಿಕೊಂಡನು. ಆಮೇಲೆ ಅವನ ಸೋದರನನ್ನು ಪರೀಕ್ಷಿಸಿದಾಗ ಅವನ ಧಮನಿಯೂ ಉಬ್ಬಿದ್ದುದು ಕಂಡು, ಒಡೆಯುವ ಮುನ್ನವೇ ಸರಿಪಡಿಸಲಾಯಿತು. ರಿಟರನ ಹೆಸರಿನಲ್ಲಿ ೨೦೧೦ರಲ್ಲಿ ಪ್ರಕಟವಾದ ಜನೋಪಯೋಗಿ ಸೂತ್ರಗಳಲ್ಲಿ ಮನೆತನದ ವೃತ್ತಾಂತವನ್ನು ತಿಳಿದಿರಬೇಕೆಂಬುದೂ ಒಂದು.

೬

ಈ ಅನುಭವಗಳ ಸಾರವು ಈಗ ವೈದ್ಯರ ವಿಧಿಯಾಗಿ ಪರಿಣಮಿಸಿದೆ. ಅಮೆರಿಕದ ಹೃದಯವೈದ್ಯರ ಸಂಘಗಳು ೨೦೧೦ರಲ್ಲಿ ಪ್ರಕಟಿಸಿ ೨೦೨೨ರಲ್ಲಿ ಪರಿಷ್ಕರಿಸಿದ ವಿಧಿಗಳ ತಾತ್ಪರ್ಯವು ಹೀಗಿದೆ. ಕುಲಜವಾದ ಧಮನೀರೋಗವು ಒಬ್ಬನಲ್ಲಿ ಕಂಡರೆ ಅವನ ತಂದೆತಾಯಿಗಳು, ಒಡಹುಟ್ಟಿದವರು, ಮಕ್ಕಳು, ಇವರು ಪರೀಕ್ಷಿಸಲ್ಪಡಬೇಕು. ವಂಶವಾಹಿಯ ಪರೀಕ್ಷೆಯು ಮೊದಲು ರೋಗಿಯಿಂದಲೇ ಆರಂಭವಾಗಬೇಕು. ಏಕೆಂದರೆ ಫೈಬ್ರಿಲಿನ್ ವಂಶವಾಹಿಯೊಂದರಲ್ಲೇ ಸಾವಿರಕ್ಕೂ ಮಿಕ್ಕ ಬಗೆಬಗೆಯ ತಪ್ಪುಗಳು ಕಂಡುಬಂದಿದ್ದು, ಒಂದು ಮನೆತನದ ತಪ್ಪು ಇನ್ನೊಂದರದಲ್ಲ. ರೋಗಿಯಲ್ಲಿ ಇಂತಹುದೇ ತಪ್ಪೆಂದು ಗೊತ್ತಾದ ಮೇಲೆ ಬಂಧುಗಳಲ್ಲಿ ಅದೊಂದನ್ನೇ ಹುಡುಕಬಹುದು. ಅದು ಇದ್ದವರಿಗೆ ಕಾಲಕಾಲಕ್ಕೆ ಧಮನಿಯ ಅಳತೆ, ಔಷಧ, ಬೇಕಾದಲ್ಲಿ ಶಸ್ತ್ರಚಿಕಿತ್ಸೆ. ಗರ್ಭಿಣಿಯರಿಗೆ ವಿಶೇಷವಾದ ಎಚ್ಚರಿಕೆ. ಇಲ್ಲದವರಿಗೂ ಅವರ ಮಕ್ಕಳಿಗೂ ಆ ಭಯದಿಂದ ಬಿಡುಗಡೆ. ರೋಗಿಯಲ್ಲಿ ತಪ್ಪು ಯಾವುದೆಂದು ಗೊತ್ತಾಗದಿದ್ದರೆ ಬಂಧುಗಳೆಲ್ಲರೂ ಧಮನಿಯ ಚಿತ್ರವನ್ನು ತೆಗೆಯಿಸಿಕೊಳ್ಳಬೇಕು. ಒಮ್ಮೆ ಸರಿಯಾಗಿದ್ದಿತೆಂದು ನಿಶ್ಚಿಂತರಾಗದೆ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಿಸಿಕೊಳ್ಳಬೇಕು.

ವಿಧಿಯು ಸುಲಭ, ಆಚರಣೆಯು ಕಷ್ಟ. ಬಂಧುಗಳಿಗೆ ಈ ವಾರ್ತೆಯನ್ನು ಮುಟ್ಟಿಸಬೇಕಾದವನು ಸಾಮಾನ್ಯವಾಗಿ ರೋಗಿಯೇ. ಮಾತುಬಿಟ್ಟ ಅಣ್ಣನಿಗೆ, ಮದುವೆಗೆ ನಿಂತ ಮಗಳಿಗೆ, ಮೈಯಲ್ಲಿ ಯಾವ ಬೇನೆಯೂ ಇಲ್ಲದೆ ನಗುನಗುತ್ತಿರುವವರಿಗೆ ಇದನ್ನು ಹೇಳುವುದು ಹೇಗೆ? ಮನುವು ಹೇಳಿದ ವರ್ಜ್ಯಕುಲಗಳ ಭಯವು ರೂಪವನ್ನು ಬದಲಿಸಿಕೊಂಡು ಇಂದಿಗೂ ಉಳಿದಿದೆ. ಅದು ಕೇವಲ ಪೂರ್ವದೇಶಗಳದೆಂದು ಭಾವಿಸಲಾಗದು. ಅಮೆರಿಕದಲ್ಲಿಯೇ ೨೦೦೮ರಲ್ಲಿ, ವಂಶವಾಹಿಯ ವಿವರವನ್ನು ಹಿಡಿದು ಆರೋಗ್ಯವಿಮೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದವೆಣಿಸಬಾರದೆಂದು ಶಾಸನವನ್ನು ಮಾಡಬೇಕಾಯಿತು. ಜೀವವಿಮೆಗೆ ಆ ರಕ್ಷಣೆಯು ವ್ಯಾಪಿಸಲಿಲ್ಲ. ಕುಲದ ದೋಷವನ್ನು ಮುಚ್ಚಿಡುವವರನ್ನು ಮೂಢರೆಂದು ಜರೆಯುವುದರಿಂದ ಪ್ರಯೋಜನವಿಲ್ಲ. ಹೇಳಿದವನಿಗೆ ಹಾನಿಯಾಗದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ. ಆದರೆ ಮುಚ್ಚಿಟ್ಟುದರ ಬೆಲೆಯನ್ನು ತೆರುವವರು ಮುಚ್ಚಿಟ್ಟವರಲ್ಲ, ಅವರ ಮಕ್ಕಳು, ಎಂಬುದೂ ಅಷ್ಟೇ ನಿಜ.

ಕೊನೆಯದಾಗಿ ಚರಕನ ನಿರ್ಣಯವನ್ನು ಪುನಃ ವಿಚಾರಿಸಬೇಕಾಗಿದೆ. ಕುಲಜವಿಕಾರಗಳು ಅಸಾಧ್ಯವೆಂಬ ಮಾತನ್ನು ಇಂದಿನ ವೈದ್ಯವು ಸುಳ್ಳುಮಾಡಿತೆಂದು ಹೇಳುವುದು ದುಡುಕಾದೀತು. ಬೀಜದೋಷವನ್ನು ಅಳಿಸಿ ಈ ರೋಗವನ್ನು ನಿರ್ಮೂಲಮಾಡುವ ಚಿಕಿತ್ಸೆಯು ಇನ್ನೂ ದೊರೆತಿಲ್ಲ. ಆದರೆ ಚರಕನೇ ಸೂತ್ರಸ್ಥಾನದಲ್ಲಿ ಅಸಾಧ್ಯವನ್ನು ಎರಡಾಗಿ ಒಡೆದಿದ್ದಾನೆ: ಕೈಬಿಡತಕ್ಕ ಪ್ರತ್ಯಾಖ್ಯೇಯವೊಂದು, ನಿರ್ಮೂಲವಾಗದಿದ್ದರೂ ಪಥ್ಯೋಪಚಾರಗಳಿಂದ ಆಯುಷ್ಯವನ್ನು ನಡೆಸಿಕೊಂಡು ಹೋಗಬಹುದಾದ ಯಾಪ್ಯವೊಂದು. ಈ ವಿಭಾಗವನ್ನು ಹಿಡಿದು ನೋಡಿದರೆ ಮಹಾಧಮನಿಯ ಕುಲಜರೋಗದ ಚರಿತ್ರೆಯು ಪ್ರತ್ಯಾಖ್ಯೇಯದಿಂದ ಯಾಪ್ಯಕ್ಕೆ ನಡೆದ ಚರಿತ್ರೆ. ಮಾರ್ಫಾನ್ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಬದುಕಿರಬಹುದಾದ ವಯಸ್ಸು ೧೯೭೨ರ ಗಣನೆಯಲ್ಲಿ ೪೮ ಇದ್ದುದು ೧೯೯೩ರ ಗಣನೆಯಲ್ಲಿ ೭೨ಕ್ಕೆ ಏರಿತು. ಆ ಇಪ್ಪತ್ತನಾಲ್ಕು ವರ್ಷಗಳನ್ನು ಗಳಿಸಿಕೊಟ್ಟುದರಲ್ಲಿ ಶಸ್ತ್ರಕ್ಕೂ ಔಷಧಕ್ಕೂ ಪಾಲುಂಟು. ಅವೆರಡಕ್ಕೂ ಸಕಾಲದಲ್ಲಿ ರೋಗಿಯನ್ನು ಒಪ್ಪಿಸಿದುದರಲ್ಲಿ, ನಿನ್ನ ಮನೆಯಲ್ಲಿ ಇನ್ನಾರು ಇದ್ದಾರೆ ಎಂಬ ಸಾಮಾನ್ಯವಾದ ಪ್ರಶ್ನೆಗೂ ಪಾಲುಂಟೆಂಬುದನ್ನು ಮರೆಯತಕ್ಕುದಲ್ಲ.